ಯಾಪ್ ರಾಜ್ಯದ ಚುನಾವಣೆ: ಗವರ್ನರ್ ಒಂದು ದ್ವೀಪದವರು, ಲೆಫ್ಟಿನೆಂಟ್ ಗವರ್ನರ್ ಇನ್ನೊಂದು ದ್ವೀಪದವರು

2022ರ ನವೆಂಬರ್‌ನಲ್ಲಿ ಪಶ್ಚಿಮ ಪೆಸಿಫಿಕ್ ಸಾಗರದ ಯಾಪ್ ರಾಜ್ಯದ ಮತದಾರರು ತಮ್ಮ ಗವರ್ನರ್, ಲೆಫ್ಟಿನೆಂಟ್ ಗವರ್ನರ್ (ಅಂದರೆ ಉಪ ಗವರ್ನರ್) ಮತ್ತು ಹತ್ತು ಮಂದಿಯ ಶಾಸನಸಭೆಯನ್ನು ಆರಿಸಿದರು. ಗವರ್ನರ್ ಆಗಿ ಗೆದ್ದವರು ಚಾರ್ಲ್ಸ್ ಚಿಯೆಂಗ್. ಅವರೊಂದಿಗೆ ಗೆದ್ದ ಜೊತೆ ಅಭ್ಯರ್ಥಿ ಫ್ರಾನ್ಸಿಸ್ ಇಟಿಮಾಯ್. 2023ರ ಜನವರಿಯಲ್ಲಿ ಇಬ್ಬರೂ ಅಧಿಕಾರ ವಹಿಸಿಕೊಂಡರು. 2010ರ ಜನಗಣತಿಯ ಪ್ರಕಾರ ಇಡೀ ರಾಜ್ಯದ ಜನಸಂಖ್ಯೆ 11,377. ಕರ್ನಾಟಕದಲ್ಲಿ ಇಷ್ಟು ಜನರಿರುವ ಊರು ಒಂದು ಪಟ್ಟಣ ಪಂಚಾಯಿತಿ ಆಗುತ್ತದೆ.

ಆದರೆ ಯಾಪ್‌ನಲ್ಲಿ ಯಾರು ಗವರ್ನರ್ ಆಗುತ್ತಾರೆ ಎಂಬುದನ್ನು ವಾಷಿಂಗ್ಟನ್ ಗಮನಿಸುತ್ತದೆ, ಬೀಜಿಂಗ್ ಕೂಡ ಗಮನಿಸುತ್ತದೆ. ಕಾರಣ ತಿಳಿಯಬೇಕಾದರೆ ಈ ರಾಜ್ಯ ಯಾವ ದೇಶಕ್ಕೆ ಸೇರಿದೆ, ಆ ದೇಶದಲ್ಲಿ ರಾಜ್ಯಗಳ ಕೈಯಲ್ಲಿ ಏನೇನಿದೆ ಎಂಬುದರಿಂದ ಆರಂಭಿಸಬೇಕು.

ದೇಶದ ಹೆಸರು ಮೈಕ್ರೊನೇಷಿಯಾ ಸಂಯುಕ್ತ ರಾಜ್ಯಗಳು. ಪಶ್ಚಿಮದಿಂದ ಪೂರ್ವಕ್ಕೆ ಯಾಪ್, ಚೂಕ್, ಪೋನ್‌ಪೇ, ಕೊಸ್ರಾಯ್ ಎಂಬ ನಾಲ್ಕು ರಾಜ್ಯಗಳಲ್ಲಿ ಒಟ್ಟು 607 ದ್ವೀಪಗಳಿವೆ. ಇವೆಲ್ಲವನ್ನೂ ಒಟ್ಟು ಸೇರಿಸಿದರೂ ಭೂಮಿ ಸುಮಾರು 700 ಚದರ ಕಿಲೋಮೀಟರ್ ಮಾತ್ರ, ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟು. ಸಮುದ್ರದ ಲೆಕ್ಕ ಬೇರೆಯೇ. ಈ ದೇಶದ ಅನನ್ಯ ಆರ್ಥಿಕ ವಲಯ, ಅಂದರೆ ಮೀನು ಮುಂತಾದ ಸಂಪತ್ತಿನ ಮೇಲೆ ಅದಕ್ಕೆ ಹಕ್ಕಿರುವ ಸಮುದ್ರ, 30 ಲಕ್ಷ ಚದರ ಕಿಲೋಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಅಷ್ಟು ವಿಶಾಲವಾದ ನೀರಿನ ನಡುವೆ ಹರಡಿಕೊಂಡಿರುವ ಸುಮಾರು ಒಂದು ಲಕ್ಷ ಜನ ಬೇರೆ ಬೇರೆ ಭಾಷೆಗಳನ್ನು ಆಡುತ್ತಾರೆ. ಚೂಕ್‌ನವರ ಮಾತು ಕೊಸ್ರಾಯ್‌ನವರಿಗೆ ಅರ್ಥವಾಗುವುದಿಲ್ಲ. ಯಾಪ್ ರಾಜ್ಯದ ಒಳಗೇ ಯಾಪೀಸ್, ಉಲಿತಿಯನ್, ವೊಲಿಯಾಯನ್, ಸತವಲೀಸ್ ಎಂಬ ನಾಲ್ಕು ಸ್ಥಳೀಯ ಭಾಷೆಗಳಿವೆ.

ಇಂಥವರು ಒಂದೇ ದೇಶವಾದದ್ದು ತಾವಾಗಿ ಬಯಸಿ ಅಲ್ಲ. 1899ರಲ್ಲಿ ಸ್ಪೇನ್ ಈ ದ್ವೀಪಗಳನ್ನು ಜರ್ಮನಿಗೆ ಮಾರಿತು. 1914ರಲ್ಲಿ ಜಪಾನ್ ಬಂದು ಹಿಡಿಯಿತು. ಎರಡನೆಯ ಮಹಾಯುದ್ಧದ ನಂತರ, 1947ರಿಂದ, ವಿಶ್ವಸಂಸ್ಥೆಯ ಪರವಾಗಿ ಅಮೆರಿಕ ಆಳಿತು. ಅಮೆರಿಕದ ಆಡಳಿತದ ಕಾಲದ ಜಿಲ್ಲೆಗಳೇ ಮುಂದೆ ರಾಜ್ಯಗಳಾದವು. ಕೊಸ್ರಾಯ್ ಅಂತೂ 1977ರವರೆಗೆ ಪೋನ್‌ಪೇ ಜಿಲ್ಲೆಯ ಭಾಗವಾಗಿತ್ತು. 1978ರ ಜುಲೈ 12ರಂದು ಹೊಸ ಸಂವಿಧಾನದ ಮೇಲೆ ಜನಮತ ಕೇಳಿದಾಗ ಅದೇ ಆಡಳಿತದಲ್ಲಿದ್ದ ಪಲಾವು ಮತ್ತು ಮಾರ್ಷಲ್ ದ್ವೀಪಗಳು ಬೇಡವೆಂದವು. ಒಪ್ಪಿದ ನಾಲ್ಕು ಜಿಲ್ಲೆಗಳು ಒಟ್ಟಾಗಿ ಉಳಿದವು. 1979ರ ಮೇ 10ರಂದು ಸಂವಿಧಾನ ಜಾರಿಗೆ ಬಂತು.

ದೊಡ್ಡವರು ನಮ್ಮನ್ನು ನುಂಗಿಬಿಡುತ್ತಾರೆ ಎಂಬ ಭಯ ಆ ಸಂವಿಧಾನ ಬರೆಯುವಾಗಲೇ ಚಿಕ್ಕ ದ್ವೀಪಗಳಿಗಿತ್ತು. ಇಲ್ಲಿನ ಯಾವ ಚುನಾವಣೆಯನ್ನು ನೋಡಿದರೂ ಅದರ ನಿಯಮಗಳ ಹಿಂದೆ ಆ ಭಯ ಕಾಣಿಸುತ್ತದೆ. ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೂ ಅದರಿಂದಲೇ. ಒಲ್ಲದ ನೆಂಟಸ್ತಿಕೆಯಲ್ಲಿ ಸಿಲುಕಿದ ಜನ ಒಬ್ಬರನ್ನೊಬ್ಬರು ತುಳಿಯದೆ ಬದುಕಲು ಎಷ್ಟು ಯೋಚಿಸಿ ನಿಯಮ ಮಾಡಿಕೊಂಡಿದ್ದಾರೆ!

ಕೇಂದ್ರದ ಶಾಸಕಾಂಗವನ್ನೇ ನೋಡಿ. ಅದರ ಹೆಸರು ಕಾಂಗ್ರೆಸ್. ಇದು ಪಕ್ಷದ ಹೆಸರಲ್ಲ, ಆ ದೇಶದಲ್ಲಿ ರಾಜಕೀಯ ಪಕ್ಷಗಳೇ ಇಲ್ಲ. ಹದಿನಾಲ್ಕು ಸದಸ್ಯರಲ್ಲಿ ನಾಲ್ವರು ರಾಜ್ಯಕ್ಕೊಬ್ಬರಂತೆ ಬರುತ್ತಾರೆ, ಅವರ ಅವಧಿ ನಾಲ್ಕು ವರ್ಷ. ಉಳಿದ ಹತ್ತು ಮಂದಿ ಜನಸಂಖ್ಯೆಯ ಲೆಕ್ಕದಲ್ಲಿ ಬರುವವರು, ಅವಧಿ ಎರಡು ವರ್ಷ. ಚೂಕ್‌ಗೆ ಐದು, ಪೋನ್‌ಪೇಗೆ ಮೂರು, ಯಾಪ್ ಮತ್ತು ಕೊಸ್ರಾಯ್‌ಗೆ ಒಂದೊಂದು. ತಲೆ ಎಣಿಸಿದರೆ ಚೂಕ್ ಎಲ್ಲರ ಮೇಲೆ ಸವಾರಿ ಮಾಡಬಹುದು ಎನ್ನಿಸುತ್ತದೆ. ಆದರೆ ಮಸೂದೆ ಎರಡು ಬಾರಿ ಮತಕ್ಕೆ ಹೋಗಬೇಕು. ಮೊದಲ ಬಾರಿ ಎಲ್ಲ ಸದಸ್ಯರ ಮೂರನೇ ಎರಡು ಭಾಗದ ಬೆಂಬಲ ಬೇಕು. ಕೊನೆಯ ಬಾರಿ ಮತ ಹಾಕುವುದು ಸದಸ್ಯರಲ್ಲ, ರಾಜ್ಯಗಳು: ರಾಜ್ಯಕ್ಕೆ ಒಂದೇ ಮತ, ಅದರಲ್ಲೂ ಮೂರನೇ ಎರಡು ಭಾಗ. ಅಂದರೆ ನಾಲ್ಕರಲ್ಲಿ ಮೂರು ರಾಜ್ಯಗಳು ಒಪ್ಪಲೇಬೇಕು. 2010ರಲ್ಲಿ 6,616 ಜನರಿದ್ದ ಕೊಸ್ರಾಯ್‌ಗೂ 48,654 ಜನರಿದ್ದ ಚೂಕ್‌ಗೂ ಆ ಹೊತ್ತಿನಲ್ಲಿ ಒಂದೇ ತೂಕ. ಸಂವಿಧಾನ ತಿದ್ದುವುದು ಇನ್ನೂ ಕಷ್ಟ. ನಾಲ್ಕರಲ್ಲಿ ಮೂರು ರಾಜ್ಯಗಳಲ್ಲಿ, ಪ್ರತಿಯೊಂದರಲ್ಲೂ, ಬಿದ್ದ ಮತಗಳ ಮುಕ್ಕಾಲು ಪಾಲು ತಿದ್ದುಪಡಿಯ ಪರವಾಗಿರಬೇಕು.

ಅಧ್ಯಕ್ಷರನ್ನು ಜನ ನೇರವಾಗಿ ಆರಿಸುವುದಿಲ್ಲ. ರಾಜ್ಯಕ್ಕೊಬ್ಬರಂತೆ ಬಂದ ಆ ನಾಲ್ವರಲ್ಲಿ ಒಬ್ಬರನ್ನು ಕಾಂಗ್ರೆಸ್ ಆರಿಸುತ್ತದೆ. ಹೀಗಾಗಿ ಅಧ್ಯಕ್ಷರಾಗಿ ಮುಂದುವರಿಯಬೇಕೆಂದರೆ ಮೊದಲು ತಮ್ಮ ಸ್ವಂತ ರಾಜ್ಯದಲ್ಲಿ ಸದಸ್ಯರಾಗಿ ಗೆಲ್ಲಬೇಕು. ಪೋನ್‌ಪೇಯ ಮತದಾರರು ಈ ಅಸ್ತ್ರವನ್ನು ಬಳಸಿದ್ದಾರೆ. 2003ರಲ್ಲಿ ಅಧ್ಯಕ್ಷ ಲಿಯೊ ಫಾಲ್ಕಮ್ ಸೋತರು. 2019ರಲ್ಲಿ ಅಧ್ಯಕ್ಷ ಪೀಟರ್ ಕ್ರಿಶ್ಚಿಯನ್ ಅವರನ್ನು ಸೋಲಿಸಿದ ಡೇವಿಡ್ ಪನುಯೆಲೊ ಅಧ್ಯಕ್ಷರಾದರು. 2023ರ ಮಾರ್ಚ್‌ನಲ್ಲಿ ಪನುಯೆಲೊ ಅವರೂ ಅಲ್ಲಿಯೇ ಸೋತರು. ಅವರ ನಂತರ ಚೂಕ್‌ನ ವೆಸ್ಲಿ ಸಿಮಿನಾ ಅಧ್ಯಕ್ಷರಾದರು; ಹಿಂದೆ ಅವರು ಚೂಕ್‌ನ ಗವರ್ನರ್ ಆಗಿದ್ದವರು.

ಗವರ್ನರ್ ಕೈಯಲ್ಲಿ ಏನಿದೆ?

ಭಾರತದಲ್ಲಿ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ, ಆಡಳಿತ ನಡೆಸುವವರು ಮುಖ್ಯಮಂತ್ರಿ. ಮೈಕ್ರೊನೇಷಿಯಾದಲ್ಲಿ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗುವ ಆಡಳಿತಗಾರ. ಅವರ ಮೇಲೆ ಕೇಂದ್ರದ ಹಿಡಿತವಿಲ್ಲ. ರಕ್ಷಣೆ, ವಿದೇಶಾಂಗ, ಆಮದು ಸುಂಕ, ಆದಾಯ ತೆರಿಗೆ ಮುಂತಾದವು ಕೇಂದ್ರಕ್ಕೆ ಸೇರಿವೆ. ಸಂವಿಧಾನ ಕೇಂದ್ರಕ್ಕೆ ಸ್ಪಷ್ಟವಾಗಿ ಕೊಡದ, ರಾಜ್ಯಗಳಿಗೆ ನಿಷೇಧಿಸದ ಎಲ್ಲ ಅಧಿಕಾರವೂ ರಾಜ್ಯದ್ದು. ಶಾಲೆ, ಆಸ್ಪತ್ರೆ, ಭೂಮಿ, ದಡದಿಂದ 12 ನಾಟಿಕಲ್ ಮೈಲಿವರೆಗಿನ ಸಮುದ್ರ ಸಂಪತ್ತು ಎಲ್ಲವೂ ರಾಜ್ಯದ ಪಾಲಿಗೆ ಬರುತ್ತವೆ. ಮಕ್ಕಳಿಗೆ ಪಾಠ ಹೇಳುವ ಮೇಷ್ಟರ ಸಂಬಳ ರಾಜ್ಯದ ಖಜಾನೆಯಿಂದ ಹೋಗುತ್ತದೆ. ಹಾಗಾಗಿ ದ್ವೀಪದಲ್ಲಿ ಬದುಕುವವನಿಗೆ ದಿನನಿತ್ಯ ಎದುರಾಗುವ ಸರ್ಕಾರ ಗವರ್ನರ್ ಅವರದೇ. ರಾಜಧಾನಿ ಪಾಲಿಕಿರ್ ಇರುವುದು ಪೋನ್‌ಪೇಯಲ್ಲಿ, ಯಾಪ್‌ನಿಂದ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ.

ಹಣದ ವಿಷಯದಲ್ಲಿ ಮಾತ್ರ ಈ ಸ್ವಾತಂತ್ರ್ಯ ಅರ್ಧವಾಗುತ್ತದೆ. ಕೇಂದ್ರ ಸಂಗ್ರಹಿಸುವ ತೆರಿಗೆಯಲ್ಲಿ ಕನಿಷ್ಠ ಅರ್ಧವನ್ನು, ಅದು ಸಂಗ್ರಹವಾದ ರಾಜ್ಯಕ್ಕೇ ಕೊಡಬೇಕೆಂದು ಸಂವಿಧಾನ ಹೇಳುತ್ತದೆ. ಆದರೆ ದೇಶದ ಸ್ವಂತ ದುಡಿಮೆಯಲ್ಲಿ ದೊಡ್ಡದು ಟ್ಯೂನಾ ಮೀನು ಹಿಡಿಯುವ ವಿದೇಶಿ ಹಡಗುಗಳಿಂದ ಬರುವ ಪರವಾನಗಿ ಶುಲ್ಕ. 12 ಮೈಲಿಯ ಆಚೆಗಿನ ನೀರು ಕೇಂದ್ರದ್ದಾದ್ದರಿಂದ ಆ ಶುಲ್ಕವೂ ಕೇಂದ್ರಕ್ಕೆ ಹೋಗುತ್ತದೆ. ಇದರಲ್ಲಿ ನಮಗೂ ಪಾಲು ಬೇಕೆಂದು ನಾಲ್ಕೂ ರಾಜ್ಯಗಳು ಒಟ್ಟಾಗಿ 1990ರ ದಶಕದಲ್ಲಿ ನ್ಯಾಯಾಲಯಕ್ಕೆ ಹೋದವು. ಸುಪ್ರೀಂ ಕೋರ್ಟ್‌ನ ಮೇಲ್ಮನವಿ ಪೀಠ 2000ದಲ್ಲಿ ಕೇಂದ್ರದ ಪರ ತೀರ್ಪು ಕೊಟ್ಟಿತು. ನನ್ನ ದೃಷ್ಟಿಯಲ್ಲಿ ರಾಜ್ಯಗಳ ಕೂಗು ನ್ಯಾಯವಾದದ್ದೇ. ಹವಳದ್ವೀಪದ ಜನರಿಗೆ ಸಮುದ್ರ ಬಿಟ್ಟು ಬೇರೆ ಯಾವ ಆಸ್ತಿ ಇದೆ?

ಇನ್ನೊಂದು ದೊಡ್ಡ ಮೂಲ ಅಮೆರಿಕ. 1986ರ ನವೆಂಬರ್ 3ರಿಂದ ಜಾರಿಯಲ್ಲಿರುವ ಮುಕ್ತ ಸಹಭಾಗಿತ್ವದ ಒಪ್ಪಂದದ ಪ್ರಕಾರ ಮೈಕ್ರೊನೇಷಿಯಾದ ರಕ್ಷಣೆ ಅಮೆರಿಕದ ಹೊಣೆ. ಬೇರೆ ದೇಶಗಳ ಸೈನ್ಯ ಈ ನೀರಿಗೆ ಬಾರದಂತೆ ತಡೆಯುವ ಹಕ್ಕೂ ಅಮೆರಿಕಕ್ಕಿದೆ. ಅದಕ್ಕೆ ಪ್ರತಿಯಾಗಿ ಹಣ ಬರುತ್ತದೆ. ಇಲ್ಲಿನ ಜನ ವೀಸಾ ಇಲ್ಲದೆ ಅಮೆರಿಕದಲ್ಲಿ ನೆಲೆಸಿ ದುಡಿಯಬಹುದು, ಅಮೆರಿಕದ ಸೈನ್ಯಕ್ಕೂ ಸೇರಬಹುದು. 2024ರಲ್ಲಿ ಅಮೆರಿಕದ ಸಂಸತ್ತು ಒಪ್ಪಿದ ನವೀಕರಣದಲ್ಲಿ ಮೈಕ್ರೊನೇಷಿಯಾಕ್ಕೆ ಇಪ್ಪತ್ತು ವರ್ಷಗಳಲ್ಲಿ ಸುಮಾರು 330 ಕೋಟಿ ಡಾಲರ್ ಎಂದಿದೆ. ಈ ಹಣದ ಬಹುಪಾಲು ಶಿಕ್ಷಣ, ಆರೋಗ್ಯದಂಥ ಬಾಬ್ತುಗಳಲ್ಲಿ ರಾಜ್ಯಗಳಿಗೆ ಹಂಚಿಹೋಗುತ್ತದೆ. ಗವರ್ನರ್ ಚುನಾವಣೆಯ ಭಾಷಣಗಳಲ್ಲಿ ಈ ಹಣ ಬಾರದೆ ಇರುವುದಿಲ್ಲ.

ಯಾಪ್‌ನ ನಿಯಮ

ಈಗ ಯಾಪ್‌ಗೆ ಬರೋಣ. ಈ ರಾಜ್ಯದಲ್ಲಿ ಎರಡು ಲೋಕಗಳಿವೆ. ಒಂದು, ಒಂದೇ ಹವಳದಿಬ್ಬದ ಒಳಗೆ ಸೇರಿಕೊಂಡಿರುವ ಎತ್ತರದ, ಹಸಿರು ದ್ವೀಪಗಳು. ಕಲ್ಲಿನ ಹಣಕ್ಕೆ ಹೆಸರಾದ ಯಾಪ್ ಇದೇ. ಪಲಾವಿನಲ್ಲಿ ಕಡಿದು ದೋಣಿಯಲ್ಲಿ ತಂದ ಆ ಬೃಹತ್ ಬಿಲ್ಲೆಗಳು ಇಂದಿಗೂ ಹಳ್ಳಿಗಳ ದಾರಿಯ ಬದಿಯಲ್ಲಿ ನಿಂತಿವೆ. ರಾಜ್ಯದ ಕೇಂದ್ರ ಕೊಲೊನಿಯಾ ಇರುವುದೂ ಇಲ್ಲಿಯೇ. ಇನ್ನೊಂದು, ಪೂರ್ವಕ್ಕೆ ಚೆದುರಿರುವ ಹೊರದ್ವೀಪಗಳು: ಉಲಿತಿ, ಫಾಯಿಸ್, ವೊಲಿಯಾಯ್, ಇಫಾಲಿಕ್, ಲಮೊಟ್ರೆಕ್, ಸತವಲ್ ಮುಂತಾದವು. ಸತವಲ್ ಅಂತೂ ಮುಖ್ಯ ದ್ವೀಪಗಳಿಂದ ಸುಮಾರು ಒಂದು ಸಾವಿರ ಕಿಲೋಮೀಟರ್ ದೂರದಲ್ಲಿದೆ. 1976ರಲ್ಲಿ ಹವಾಯಿಯಿಂದ ತಾಹಿತಿಗೆ ಯಾವ ಉಪಕರಣವೂ ಇಲ್ಲದೆ ನಕ್ಷತ್ರ ಮತ್ತು ಅಲೆಗಳನ್ನು ನೋಡಿಕೊಂಡು ಹೊಕುಲೆಯಾ ದೋಣಿಯನ್ನು ನಡೆಸಿದ ಮೌ ಪಿಯಾಯ್ಲುಗ್ ಆ ಸಣ್ಣ ದ್ವೀಪದವರು.

ಈ ಎರಡು ಲೋಕಗಳ ನಡುವೆ ಹಳೆಯ ಮೇಲುಕೀಳಿತ್ತು. ಹೊರದ್ವೀಪಗಳವರು ನಿಗದಿತ ಕಾಲಕ್ಕೆ ದೋಣಿ ಕಟ್ಟಿಕೊಂಡು ಯಾಪ್‌ನ ಗಗಿಲ್ ಪ್ರದೇಶದ ಮುಖಂಡರಿಗೆ ಕಾಣಿಕೆ ಒಪ್ಪಿಸಬೇಕಿತ್ತು: ನೇಯ್ದ ಬಟ್ಟೆ, ತೆಂಗಿನ ನಾರಿನ ಹಗ್ಗ, ಚಿಪ್ಪು. ಪ್ರತಿಯಾಗಿ ಅರಿಸಿನ, ಆಹಾರ, ಮರ ಸಿಗುತ್ತಿತ್ತು. ಚಂಡಮಾರುತ ಬಂದು ಹವಳದ್ವೀಪದ ಬೆಳೆಯೆಲ್ಲ ಉಪ್ಪುನೀರಿಗೆ ಸುಟ್ಟುಹೋದಾಗ ಯಾಪ್ ಆಶ್ರಯ ಕೊಡುತ್ತಿತ್ತು. ಸವೆಯ್ ಎಂದು ಕರೆಯುವ ಈ ವಿನಿಮಯದಲ್ಲಿ ಯಾರ ಕೈ ಮೇಲೆ, ಯಾರ ಕೈ ಕೆಳಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವಸಾಹತು ಆಡಳಿತಗಳ ಕಾಲದಲ್ಲಿ ಕಾಣಿಕೆಯ ಯಾನಗಳು ನಿಂತವು. ಮೇಲುಕೀಳಿನ ನೆನಪು ಅಷ್ಟು ಬೇಗ ಹೋಗಲಿಲ್ಲ.

ಯಾಪ್‌ನ ರಾಜ್ಯ ಸಂವಿಧಾನ ಬರೆದವರು ಈ ನೆನಪನ್ನು ಕಂಡೂ ಕಾಣದಂತೆ ಬಿಡಲಿಲ್ಲ. ಗವರ್ನರ್ ಮುಖ್ಯ ದ್ವೀಪಗಳವರಾದರೆ ಲೆಫ್ಟಿನೆಂಟ್ ಗವರ್ನರ್ ಹೊರದ್ವೀಪದವರೇ ಆಗಿರಬೇಕು, ಗವರ್ನರ್ ಹೊರದ್ವೀಪದವರಾದರೆ ಇದಕ್ಕೆ ತಿರುವುಮುರುವು ಎಂದು ನಿಯಮ ಬರೆದರು. ಇಬ್ಬರೂ ಜೋಡಿಯಾಗಿಯೇ ಸ್ಪರ್ಧಿಸುತ್ತಾರೆ, ಒಂದೇ ಮತ ಇಬ್ಬರಿಗೂ ಸಲ್ಲುತ್ತದೆ. ಹಾಗಾಗಿ ಗವರ್ನರ್ ಆಗಬಯಸುವವರು ಮೊದಲು ಸಮುದ್ರದ ಆಚೆ ಒಬ್ಬ ಜೊತೆಗಾರರನ್ನು ಹುಡುಕಿಕೊಳ್ಳಬೇಕು. ಹತ್ತು ಸದಸ್ಯರ ಶಾಸನಸಭೆಯಲ್ಲಿ ಆರು ಸ್ಥಾನ ಮುಖ್ಯ ದ್ವೀಪಗಳಿಗೆ, ನಾಲ್ಕು ಹೊರದ್ವೀಪಗಳಿಗೆ.

ಈ ನಿಯಮ ಹೆಸರಿಗಷ್ಟೇ ಇರುವುದಲ್ಲ ಎಂಬುದು 2021ರಲ್ಲಿ ತಿಳಿಯಿತು. 2018ರ ಚುನಾವಣೆಯಲ್ಲಿ ಗೆದ್ದಿದ್ದ ಗವರ್ನರ್ ಹೆನ್ರಿ ಫಲನ್ ಮತ್ತು ಶಾಸನಸಭೆಯ ನಡುವೆ ಸಂಬಂಧ ಕೆಟ್ಟಿತು. ಡಿಸೆಂಬರ್‌ನಲ್ಲಿ ಶಾಸನಸಭೆ ಮಹಾಭಿಯೋಗ ನಡೆಸಿ ಅವರನ್ನು ಪದಚ್ಯುತಗೊಳಿಸಿತು. ಕುರ್ಚಿಗೆ ಬಂದವರು ಅವರ ಜೊತೆ ಗೆದ್ದಿದ್ದ ಲೆಫ್ಟಿನೆಂಟ್ ಗವರ್ನರ್ ಜೆಸಿ ಸಲಾಲು. ಯಾಪ್‌ನಲ್ಲಿ ಗವರ್ನರ್ ಒಬ್ಬರನ್ನು ಇಳಿಸಿದರೆ ಅಧಿಕಾರ ನಿಯಮದ ಬಲದಿಂದಲೇ ಒಂದು ದ್ವೀಪಸಮೂಹದಿಂದ ಇನ್ನೊಂದಕ್ಕೆ ಹೋಗುತ್ತದೆ. ಇಳಿಸಲು ಕೈ ಎತ್ತುವವರು ಇದನ್ನೂ ತೂಗಿ ನೋಡಬೇಕಾಗುತ್ತದೆ. 2022ರ ನವೆಂಬರ್‌ನ ಚುನಾವಣೆ ನಡೆದದ್ದು ಈ ಪದಚ್ಯುತಿಯಾಗಿ ಒಂದು ವರ್ಷ ತುಂಬುವ ಮೊದಲೇ.

ಪಕ್ಷಗಳಿಲ್ಲದ ಚುನಾವಣೆಯಲ್ಲಿ ಜನ ಯಾವುದನ್ನು ನೋಡಿ ಮತ ಹಾಕುತ್ತಾರೆ? ಕುಟುಂಬ, ಹಳ್ಳಿ, ಚರ್ಚು, ಅಭ್ಯರ್ಥಿಯ ನಡತೆ, ಅವರು ಹಿಂದೆ ಮಾಡಿದ ಸರ್ಕಾರಿ ಕೆಲಸ. ಎಲ್ಲರೂ ಎಲ್ಲರಿಗೂ ಪರಿಚಿತರಾದ ಊರಿನಲ್ಲಿ ಪ್ರಣಾಳಿಕೆಗಿಂತ ಮುಖಪರಿಚಯ ದೊಡ್ಡದು. ಇದರಲ್ಲಿ ಒಳ್ಳೆಯದೂ ಇದೆ, ಸುಳ್ಳು ಹೇಳಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಕೆಟ್ಟದ್ದೂ ಇದೆ: ದೊಡ್ಡ ಬಂಧುಬಳಗ ಇಲ್ಲದವರಿಗೆ, ಹೆಂಗಸರಿಗೆ ಬಾಗಿಲು ಕಿರಿದು. ಕೇಂದ್ರದ ಕಾಂಗ್ರೆಸ್‌ಗೆ ಮೊದಲ ಮಹಿಳೆಯಾಗಿ ಚೂಕ್‌ನ ಪರ್ಪೆಚುವಾ ಕೊನ್‌ಮನ್ ಆಯ್ಕೆಯಾದದ್ದು 2021ರಲ್ಲಿ, ಅಂದರೆ ಸಂವಿಧಾನ ಬಂದು ನಲವತ್ತೆರಡು ವರ್ಷಗಳಾದ ಮೇಲೆ. ಇಷ್ಟು ತಡವಾದದ್ದಕ್ಕೆ ಸಂಪ್ರದಾಯದ ನೆಪ ಹೇಳುವವರ ಮಾತನ್ನು ನಾನು ಒಪ್ಪಲಾರೆ. ಈ ದ್ವೀಪಗಳಲ್ಲಿ ಹಲವೆಡೆ ಕುಲ ಹರಿದುಬರುವುದು ತಾಯಿಯ ಕಡೆಯಿಂದ.

ಮತಕ್ಕೆ ನಿಲ್ಲದ ಮಂಡಳಿಗಳು

ಯಾಪ್‌ನಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳ ಜೊತೆಗೆ ನಾಲ್ಕನೆಯದೊಂದಿದೆ. ಮುಖ್ಯ ದ್ವೀಪಗಳ ಪಾರಂಪರಿಕ ಮುಖಂಡರದ್ದು ಪಿಲುಂಗ್ ಮಂಡಳಿ, ಹೊರದ್ವೀಪಗಳ ಮುಖಂಡರದ್ದು ತಮೋಲ್ ಮಂಡಳಿ. ಶಾಸನಸಭೆ ಒಪ್ಪಿದ ಪ್ರತಿಯೊಂದು ಮಸೂದೆಯ ಪ್ರತಿಯೂ ಈ ಎರಡು ಮಂಡಳಿಗಳಿಗೆ ಹೋಗಬೇಕು. ಮಸೂದೆ ಸಂಪ್ರದಾಯವನ್ನೋ ಪಾರಂಪರಿಕ ಮುಖಂಡರ ಸ್ಥಾನವನ್ನೋ ಮುಟ್ಟುತ್ತದೆ ಎನ್ನಿಸಿದರೆ ಅವು ತಿರಸ್ಕರಿಸಬಹುದು. ಮುಟ್ಟುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವವರೂ ಅವರೇ. ಶಾಸನಸಭೆ ಅವರ ಆಕ್ಷೇಪಕ್ಕೆ ತಕ್ಕಂತೆ ತಿದ್ದಿ ಮತ್ತೆ ಕಳುಹಿಸಬಹುದು.

ಜನರಿಂದ ಆಯ್ಕೆಯಾಗದವರಿಗೆ ಇಷ್ಟು ಅಧಿಕಾರವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಇದಕ್ಕೆ ಯಾಪ್‌ನವರ ಉತ್ತರ ಭೂಮಿಯಲ್ಲಿದೆ. ಅವರ ತಿಳಿವಳಿಕೆಯಲ್ಲಿ ಹಿರಿತನ ವ್ಯಕ್ತಿಗೆ ಸೇರಿದ್ದಲ್ಲ, ನಿರ್ದಿಷ್ಟ ನೆಲಕ್ಕೆ ಸೇರಿದ್ದು. ಮುಖಂಡ ಎನ್ನಿಸಿಕೊಂಡವನು ಆ ನೆಲದ ಪರವಾಗಿ ಮಾತನಾಡುತ್ತಾನೆ ಅಷ್ಟೇ. ದೇಶದ ಸಂವಿಧಾನವೂ ಪರದೇಶದವರು ಭೂಮಿಯ ಒಡೆತನ ಪಡೆಯುವಂತಿಲ್ಲ ಎನ್ನುತ್ತದೆ. ಬಾಡಿಗೆ ಒಪ್ಪಂದಕ್ಕೂ ಕೊನೆಯ ದಿನ ಇರಲೇಬೇಕು. ಹೀಗಾಗಿ ದೊಡ್ಡ ಯೋಜನೆ ಯಾವುದೇ ಬಂದರೂ ಗವರ್ನರ್ ಸಹಿಯೊಂದೇ ಸಾಲುವುದಿಲ್ಲ. ಹಳ್ಳಿ ಹಳ್ಳಿಯ ಒಕ್ಕಲುಗಳು ಒಪ್ಪಬೇಕು.

2011ರ ಸುಮಾರಿಗೆ ಚೀನಾದ ಚೆಂಗ್ಡು ನಗರದ ಕಂಪನಿಯೊಂದು ಸಾವಿರಾರು ಕೋಣೆಗಳ ಹೋಟೆಲು, ಗಾಲ್ಫ್ ಮೈದಾನಗಳ ಯೋಜನೆ ಹಿಡಿದು ಬಂದಾಗ ಇದರ ಪರೀಕ್ಷೆಯಾಯಿತು. ಆಗಿನ ಗವರ್ನರ್ ಸೆಬಾಸ್ಟಿಯನ್ ಅನೆಫಾಲ್ ಅವರ ಆಡಳಿತ ಒಪ್ಪಂದ ಮಾಡಿಕೊಂಡಿತು. ಪಾರಂಪರಿಕ ಮುಖಂಡರು ವಿರೋಧಿಸಿದರು, ಶಾಸನಸಭೆಯಲ್ಲೂ ಪ್ರತಿರೋಧ ಎದ್ದಿತು. ಆ ಹೋಟೆಲುಗಳು ಏಳಲೇ ಇಲ್ಲ. ಮತದಾರರಿಗೆ ಉತ್ತರ ಹೇಳಬೇಕಿಲ್ಲದ ಮಂಡಳಿಗಳ ಬಗ್ಗೆ ನನಗೆ ಅಳುಕಿದೆ. ಆದರೆ ಕೆಲವೇ ಸಾವಿರ ಜನರ ಮುಖ್ಯ ದ್ವೀಪಗಳಿಗೆ ಅಷ್ಟು ದೊಡ್ಡ ಹೊರೆ ಬೀಳದಂತೆ ತಡೆದವರಲ್ಲಿ ಅವರೂ ಇದ್ದರು ಎಂಬುದನ್ನು ಮರೆಯುವಂತಿಲ್ಲ.

ಉಳಿದ ಮೂರು ರಾಜ್ಯಗಳು ತಮ್ಮ ತಮ್ಮ ದಾರಿ ಹಿಡಿದಿವೆ. ಪೋನ್‌ಪೇಯ ಶಾಸನಸಭೆಯಲ್ಲಿ 23 ಸದಸ್ಯರು, ಕೊಸ್ರಾಯ್‌ನಲ್ಲಿ 14. ಪೋನ್‌ಪೇ 2023ರ ನವೆಂಬರ್‌ನಲ್ಲಿ ಸ್ಟೀವನ್‌ಸನ್ ಜೋಸೆಫ್ ಅವರನ್ನು ಗವರ್ನರ್ ಆಗಿ ಆರಿಸಿತು. ಅಲ್ಲಿ ನಾನ್‌ಮ್ವಾರ್ಕಿ ಎಂಬ ಪಾರಂಪರಿಕ ಒಡೆಯರಿಗೆ ಅಪಾರ ಗೌರವವಿದೆ, ಆದರೆ ಯಾಪ್‌ನಂತೆ ಮಸೂದೆ ತಡೆಯುವ ಮಂಡಳಿ ಇಲ್ಲ. ಚೂಕ್‌ನಲ್ಲಿ ಮಾತ್ರ ಎರಡು ಸದನಗಳು: ಐದು ಪ್ರದೇಶಗಳಿಂದ ತಲಾ ಇಬ್ಬರಂತೆ ಹತ್ತು ಮಂದಿಯ ಸೆನೆಟ್, 28 ಮಂದಿಯ ಪ್ರತಿನಿಧಿ ಸಭೆ. ದೇಶದಲ್ಲೇ ಅತಿ ಹೆಚ್ಚು ಜನರಿರುವ ಚೂಕ್‌ಗೆ ಕೇಂದ್ರದ ಹಣ ಹಂಚಿಕೆಯ ಮೇಲೆ ಹಳೆಯ ಅಸಮಾಧಾನ. ಬೇರೆ ದೇಶವಾಗಬೇಕೇ ಎಂದು 2015ರ ಮಾರ್ಚ್‌ನಲ್ಲಿ ಜನಮತ ಕೇಳಲು ನಿಗದಿಯಾಗಿತ್ತು. ಅದು ಮುಂದೂಡಲ್ಪಟ್ಟಿತು, ಆಮೇಲೆ ಮತ್ತೆ ಮತ್ತೆ ಮುಂದೂಡಲ್ಪಟ್ಟಿತು.

ಯಾಪ್‌ನ ಮುಂದಿನ ಚುನಾವಣೆಯ ಸರದಿ 2026ರ ನವೆಂಬರ್. ಫಲಿತಾಂಶ ಓದುವಾಗ ಗವರ್ನರ್ ಹೆಸರಿನಷ್ಟೇ ಗಮನವನ್ನು ಲೆಫ್ಟಿನೆಂಟ್ ಗವರ್ನರ್ ಹೆಸರಿಗೂ ಕೊಡಬೇಕು. ಹೊರದ್ವೀಪಗಳ ನಾಲ್ಕು ಸ್ಥಾನಗಳಲ್ಲಿ ಯಾರು ಬಂದರು ಎಂದೂ ನೋಡಬೇಕು. ಏಕೆಂದರೆ ಈಗ ಎರಡೂ ಲೋಕಗಳ ಬಾಗಿಲಿಗೆ ಹೊರಗಿನವರು ಬಂದು ನಿಂತಿದ್ದಾರೆ. ಮುಖ್ಯ ದ್ವೀಪದ ವಿಮಾನನಿಲ್ದಾಣವನ್ನು ವಿಸ್ತರಿಸುವ ಯೋಜನೆಯನ್ನು ಅಮೆರಿಕದ ವಾಯುಪಡೆ ಹಾಕಿಕೊಂಡಿದೆ. ವೊಲಿಯಾಯ್‌ನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಜಪಾನಿ ರನ್‌ವೇಯ ದುರಸ್ತಿಗೆ 2025ರಲ್ಲಿ ಚೀನಾದ ಕಂಪನಿ ಕೈ ಹಾಕಿತು. ವೊಲಿಯಾಯ್‌ನವರಿಗೆ ರನ್‌ವೇ ಎಂದರೆ ಕಾಯಿಲೆಯವರನ್ನು ಹಡಗಿಗಾಗಿ ವಾರಗಟ್ಟಲೆ ಕಾಯಿಸದೆ ಆಸ್ಪತ್ರೆಗೆ ಸಾಗಿಸುವ ದಾರಿ. ವಾಷಿಂಗ್ಟನ್‌ಗೆ ಅದೇ ರನ್‌ವೇ ಬೇರೊಂದು ಅರ್ಥ ಕೊಡುತ್ತದೆ. ವಿದೇಶಾಂಗ ನೀತಿ ಕೇಂದ್ರದ ಕೈಯಲ್ಲಿದೆ, ರಕ್ಷಣೆ ಅಮೆರಿಕದ ಕೈಯಲ್ಲಿದೆ. ಆದರೆ ರನ್‌ವೇ ಹಾಸುವ ನೆಲ ಯಾಪ್ ರಾಜ್ಯದ ಒಕ್ಕಲುಗಳದ್ದು, ಅವರ ಜೊತೆ ಕೂತು ಮಾತನಾಡಬೇಕಾದವರು ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್.